ಸುಲಭ ಎಂದು ಹೇಳಬೇಕಾದವರು ಯಾರು?

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋದಂತೆ ಎಂಜಿನಿಯರಿಂಗ್ ಕಾಲೇಜುಗಳ ಸಾಲೇ ಎದುರಾಗುತ್ತದೆ. ಯಲಹಂಕದಲ್ಲಿ ನಿಟ್ಟೆ ಮೀನಾಕ್ಷಿ, ಅವಲಹಳ್ಳಿಯಲ್ಲಿ ಬಿಎಂಎಸ್ ತಾಂತ್ರಿಕ ಸಂಸ್ಥೆ, ಕಟ್ಟಿಗೇನಹಳ್ಳಿಯಲ್ಲಿ ರೇವಾ, ಹುಣಸಮಾರನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಸಂಸ್ಥೆ, ರಾಜಾನುಕುಂಟೆಯ ಕಡೆ ಸಾಯಿ ವಿದ್ಯಾ ಮತ್ತು ಪ್ರೆಸಿಡೆನ್ಸಿ. ಇಲ್ಲಿ ಓದುವ ಹುಡುಗ ಹುಡುಗಿಯರಿಗೆ ಆ್ಯಪ್ ಸ್ಪರ್ಧೆ, ಹ್ಯಾಕಥಾನ್ ಎಂಬುದು ಸೆಮಿಸ್ಟರ್ ಪರೀಕ್ಷೆಯಷ್ಟೇ ಪರಿಚಿತ. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಾಫ್ಟ್‌ವೇರ್ ವಿಭಾಗದಲ್ಲಿ ಆರು ಜನರ ತಂಡ 36 ಗಂಟೆ ಎಡೆಬಿಡದೆ ಕೂತು ಕೆಲಸ ಮಾಡುತ್ತದೆ. ಓದು ಮುಗಿಸಿ ಸ್ವಂತ ಕಂಪನಿ ಕಟ್ಟಲು ಹೊರಟವರಿಗೆ ರಾಜ್ಯದ ಐಟಿ–ಬಿಟಿ ಇಲಾಖೆಯ ‘ಎಲಿವೇಟ್’ ಇದೆ. ಅಲ್ಲಿ ತೀರ್ಪುಗಾರರ ಮುಂದೆ ತಮ್ಮ ಯೋಜನೆಯನ್ನು ಒಪ್ಪಿಸಿ ಗೆದ್ದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಇಂಥ ಸ್ಪರ್ಧೆಗಳ ನಿಯಮಾವಳಿ ತೆರೆದರೆ ಹೊಸತನ, ತಾಂತ್ರಿಕ ಗುಣಮಟ್ಟ, ಮುಂದೆ ಬೆಳೆಯುವ ಸಾಧ್ಯತೆ ಇವುಗಳ ಜೊತೆಗೆ ಹಲವು ಕಡೆ ‘ಬಳಕೆಯ ಸುಲಭತೆ’ಯೂ ಒಂದು ಅಳತೆಗೋಲಾಗಿ ಇರುತ್ತದೆ. ನನ್ನ ತಕರಾರು ಇರುವುದು ಈ ಒಂದು ಸಾಲಿನ ಬಗ್ಗೆ. ಉಳಿದೆಲ್ಲ ಗುಣಗಳನ್ನೂ ತಜ್ಞರು ನೋಡಿ ಹೇಳಬಹುದು. ಸುಲಭವೋ ಕಷ್ಟವೋ ಎಂಬುದನ್ನು ಮಾತ್ರ ಯಾರಿಗಾಗಿ ಆ್ಯಪ್ ಮಾಡಲಾಗಿದೆಯೋ ಅವರ ಕೈಗೆ ಫೋನ್ ಕೊಟ್ಟೇ ತಿಳಿಯಬೇಕು. ಹಾಗೆ ಮಾಡದೆ ಕೊಟ್ಟ ಅಂಕ, ಎಷ್ಟೇ ಪ್ರಾಮಾಣಿಕವಾಗಿ ಕೊಟ್ಟಿದ್ದರೂ, ನ್ಯಾಯವಾದ ಅಂಕವಾಗಲಾರದು.

ದೇಶದ ಮಟ್ಟದಲ್ಲಿ ನಡೆದ ಒಂದು ದೊಡ್ಡ ಸ್ಪರ್ಧೆಯನ್ನೇ ನೋಡೋಣ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ಐದೇ ದಿನಗಳಲ್ಲಿ, ಜುಲೈ 4ರಂದು, ‘ಆತ್ಮನಿರ್ಭರ ಭಾರತ ಆ್ಯಪ್ ಇನ್ನೊವೇಷನ್ ಚಾಲೆಂಜ್’ ಘೋಷಣೆಯಾಯಿತು. ಬಂದ ಅರ್ಜಿಗಳು 6,940. ಅವುಗಳಲ್ಲಿ 3,939 ವ್ಯಕ್ತಿಗಳಿಂದ, 3,001 ಸಂಸ್ಥೆ ಮತ್ತು ಕಂಪನಿಗಳಿಂದ. ಎರಡೂ ಕಡೆಯದನ್ನು ಕೂಡಿಸಿದರೆ 3,499 ಆ್ಯಪ್‌ಗಳು ಬಳಕೆಗೆ ಸಿದ್ಧವಾಗಿದ್ದವು, 3,441 ಇನ್ನೂ ತಯಾರಿಯ ಹಂತದಲ್ಲಿದ್ದವು. ಪರಿಶೀಲನೆಯ ಮಾನದಂಡಗಳಲ್ಲಿ ಬಳಕೆಯ ಸುಲಭತೆಗೇ ಮೊದಲ ಸ್ಥಾನ. ಗಟ್ಟಿತನ, ಭದ್ರತೆ, ವಿಸ್ತರಿಸುವ ಸಾಮರ್ಥ್ಯ ಆಮೇಲೆ. ಆಗಸ್ಟ್‌ನಲ್ಲಿ ಎಂಟು ವಿಭಾಗಗಳ 24 ವಿಜೇತರ ಹೆಸರು ಹೊರಬಿತ್ತು. ಮೊದಲ ಬಹುಮಾನ 20 ಲಕ್ಷ ರೂಪಾಯಿ. ಬೆಂಗಳೂರಿನಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲೇ ಕಣ್ಣುಬಿಟ್ಟ ‘ಕೂ’ ಕೂಡ ಗೆದ್ದವರ ಸಾಲಿನಲ್ಲಿತ್ತು. ಅಷ್ಟು ಕಡಿಮೆ ಅವಧಿಯಲ್ಲಿ ಅಷ್ಟು ದೊಡ್ಡ ಕೆಲಸ ನಡೆಸಿದ್ದು ಸಣ್ಣ ಮಾತಲ್ಲ, ಅದನ್ನು ಒಪ್ಪಲೇಬೇಕು. ಆದರೂ ಸ್ವಲ್ಪ ಲೆಕ್ಕ ಹಾಕಿ. ಒಂದೊಂದು ಅರ್ಜಿಗೆ ಬರೀ ಹತ್ತು ನಿಮಿಷ ಎಂದರೂ 1,150 ಗಂಟೆ ದಾಟುತ್ತದೆ. ಹತ್ತು ನಿಮಿಷದಲ್ಲಿ ಒಂದು ಆ್ಯಪ್ ಇಳಿಸಿಕೊಂಡು, ನೋಂದಣಿ ಮಾಡಿ, ಒಂದು ಕೆಲಸವನ್ನಾದರೂ ಪೂರೈಸಿ ನೋಡುವುದು ಕಷ್ಟ. ಸಾವಿರಗಟ್ಟಲೆ ಅರ್ಜಿ ಬಂದ ಯಾವುದೇ ಸ್ಪರ್ಧೆಯಲ್ಲಿ ಮೊದಲ ಜರಡಿ ಕಾಗದದ ಮೇಲೆ, ಪಿಪಿಟಿಯ ಮೇಲೆ, ಎರಡು ನಿಮಿಷದ ವಿಡಿಯೊ ಮೇಲೆ ಹಿಡಿಯಬೇಕಾಗುತ್ತದೆ. ಪಿಪಿಟಿಯಲ್ಲಿ ಸುಲಭತೆ ಕಾಣುವುದಿಲ್ಲ. ಕಾಣುವುದು ಅಂದ ಮಾತ್ರ.

ಅಂದವನ್ನೇ ಸುಲಭತೆ ಎಂದು ತಿಳಿಯುವುದು ಮನುಷ್ಯಸಹಜ ದೌರ್ಬಲ್ಯ. ಜಪಾನಿನ ಹಿಟಾಚಿ ಕಂಪನಿಯ ವಿನ್ಯಾಸ ಕೇಂದ್ರದಲ್ಲಿ ಮಸಾಕಿ ಕುರೊಸು ಮತ್ತು ಕಾವೊರಿ ಕಾಶಿಮುರಾ ನಡೆಸಿ 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಎಟಿಎಂ ಪರದೆಯ ಮೇಲಿನ ಬಟನ್‌ಗಳನ್ನು 26 ಬಗೆಯಲ್ಲಿ ಜೋಡಿಸಿ 252 ಜನರಿಗೆ ತೋರಿಸಿದರು. ಇದು ಎಷ್ಟು ಸುಂದರ, ಎಷ್ಟು ಸುಲಭ ಎಂದು ಬೇರೆ ಬೇರೆಯಾಗಿ ಅಂಕ ಕೊಡಿ ಎಂದರು. ‘ಸುಲಭ’ ಎಂದು ಜನ ಕೊಟ್ಟ ಅಂಕ ಆ ಜೋಡಣೆಯ ನಿಜವಾದ ಅನುಕೂಲಕ್ಕಿಂತ ಹೆಚ್ಚಾಗಿ ಅದರ ಸೌಂದರ್ಯದ ಜೊತೆಗೇ ಹೊಂದಿಕೊಂಡಿತ್ತು. ನೋಡಿ ಹೇಳಿ ಎಂದಾಗ ಕಣ್ಣು ತನಗೆ ಹಿತವಾದದ್ದನ್ನೇ ಕೈಗೂ ಹಿತವೆಂದು ಹೇಳಿಬಿಡುತ್ತದೆ. ‘ಹೊರಗೆ ಥಳುಕು, ಒಳಗೆ ಹುಳುಕು’ ಎಂದು ನಮ್ಮವರು ಎಚ್ಚರಿಸುತ್ತಲೇ ಬಂದಿದ್ದರೂ, ಡೆಮೊ ನೋಡುತ್ತ ಕೂತ ತೀರ್ಪುಗಾರನಿಗೆ ಒಳಗಿನದನ್ನು ಕಾಣುವ ದಾರಿಯೇ ಇರುವುದಿಲ್ಲ. ಡೆಮೊ ಕೊಡುವವರು ಆ್ಯಪ್ ಕಟ್ಟಿದವರೇ. ಎಲ್ಲಿ ಒತ್ತಬೇಕು, ಎಲ್ಲಿ ಒತ್ತಿದರೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅವರ ಬೆರಳಿಗೇ ಗೊತ್ತಿರುತ್ತದೆ. ಕಾಲೇಜಿನ ವೈಫೈ, ಹೊಸ ಫೋನ್, ತಣ್ಣನೆಯ ಸಭಾಂಗಣ, ಮೊದಲೇ ತುಂಬಿಟ್ಟ ಮಾಹಿತಿ. ಅಂಥ ಜಾಗದಲ್ಲಿ ಕಷ್ಟವಾಗುವ ಆ್ಯಪ್ ಇರುವುದಾದರೂ ಹೇಗೆ? ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 9241-11 ಎಂಬ ಮಾನಕ 1998ರಿಂದಲೂ ಹೇಳುತ್ತಿರುವುದು ಇದನ್ನೇ: ನಿರ್ದಿಷ್ಟ ಬಳಕೆದಾರರು, ನಿರ್ದಿಷ್ಟ ಕೆಲಸವನ್ನು, ನಿರ್ದಿಷ್ಟ ಸನ್ನಿವೇಶದಲ್ಲಿ ಎಷ್ಟು ಸರಿಯಾಗಿ, ಎಷ್ಟು ಬೇಗ, ಎಷ್ಟು ಸಮಾಧಾನದಿಂದ ಮಾಡಿ ಮುಗಿಸಬಲ್ಲರು ಎಂಬುದೇ ಬಳಕೆಯ ಸುಲಭತೆ. ಯಾರಿಗೆ, ಯಾವುದಕ್ಕೆ, ಎಲ್ಲಿ ಎಂದು ಕೇಳದೆ ಒಂದು ಆ್ಯಪ್ ಸುಲಭ ಎಂದರೆ ಆ ಮಾತಿಗೆ ಅರ್ಥವೇ ಇಲ್ಲ.

ಉತ್ತರ ಬೆಂಗಳೂರಿನಲ್ಲಿ ಈ ‘ಯಾರಿಗೆ’ ಎಂಬ ಪ್ರಶ್ನೆಗೆ ಉತ್ತರಗಳು ಬೀದಿಗೊಂದು ಸಿಗುತ್ತವೆ. ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲಿ, ಯಲಹಂಕ ಉಪನಗರದ ನಿವೃತ್ತ ನೌಕರ, ಆರ್.ಟಿ. ನಗರದಲ್ಲಿ ಮನೆಯಲ್ಲಿ ಉರ್ದುವೋ ತಮಿಳೋ ಆಡಿ ಹೊರಗೆ ಕನ್ನಡ ಆಡುವ ಗೃಹಿಣಿ, ಹೆಬ್ಬಾಳದ ಸಿಗ್ನಲ್‌ನಲ್ಲಿ ಒಂದು ಕೈ ಹ್ಯಾಂಡಲ್ ಮೇಲಿಟ್ಟುಕೊಂಡೇ ಮುಂದಿನ ಬಾಡಿಗೆ ನೋಡುವ ಆಟೊ ಚಾಲಕ. ಇವರೆಲ್ಲರ ಹತ್ತಿರವೂ ಸ್ಮಾರ್ಟ್‌ಫೋನ್ ಇದೆ, ಇವರೆಲ್ಲರ ಹೆಸರಿನಲ್ಲೂ ಸ್ಪರ್ಧೆಗಳಲ್ಲಿ ಆ್ಯಪ್ ತಯಾರಾಗುತ್ತದೆ. ಇವರು ಎಡವುವ ಜಾಗಗಳು ಮಾತ್ರ ತೀರ್ಪುಗಾರರ ಕಣ್ಣಿಗೆ ಬೀಳದಷ್ಟು ಚಿಕ್ಕವು. ಒಂದನ್ನು ಹತ್ತಿರದಿಂದ ನೋಡಿ. ಬಟನ್‌ನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಇಟ್ಟಿರುತ್ತಾರೆ. ಕನ್ನಡದ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ. ಬಟನ್‌ನ ಅಂಚು ಅದನ್ನು ಕತ್ತರಿಸಿಬಿಡುತ್ತದೆ. ‘ಸಲ್ಲಿಸಿ’ ಎಂಬುದು ‘ಸಲಿಸಿ’ ಆಗುತ್ತದೆ, ‘ರದ್ದು’ ‘ರದು’ ಆಗುತ್ತದೆ, ‘ಹಣ ಬಂದಿಲ್ಲ’ ಎಂಬ ಸೂಚನೆ ‘ಹಣ ಬಂದಿಲ’ ಎಂದು ನಿಲ್ಲುತ್ತದೆ. ಉದ್ದದ ಪದ ಬಂದರೆ ಅರ್ಧಕ್ಕೇ ಮೂರು ಚುಕ್ಕಿ. ಓದು ಚೆನ್ನಾಗಿ ಬಲ್ಲವರು ಊಹಿಸಿಕೊಂಡು ಮುಂದೆ ಹೋಗುತ್ತಾರೆ. ಅಕ್ಷರ ಕೂಡಿಸಿ ಓದುವವರು ಅಲ್ಲೇ ನಿಲ್ಲುತ್ತಾರೆ, ಹಣದ ವಿಷಯವಾದರೆ ಹೆದರುತ್ತಾರೆ. ಇನ್ನೊಂದು, ಹೆಸರು ಬರೆಯುವ ಜಾಗ. ನಮ್ಮಲ್ಲಿ ಲಕ್ಷಾಂತರ ಜನಕ್ಕೆ ಇರುವುದು ಒಂದು ಹೆಸರು ಮತ್ತು ಒಂದೋ ಎರಡೋ ಇನಿಶಿಯಲ್. ಫಾರಂ ‘ಕೊನೆಯ ಹೆಸರು ಕಡ್ಡಾಯ’ ಎನ್ನುತ್ತದೆ. ಇನಿಶಿಯಲ್ ಹಾಕಿದರೆ ‘ಕನಿಷ್ಠ ಎರಡು ಅಕ್ಷರ ಬೇಕು’ ಎಂದು ಕೆಂಪಗಾಗುತ್ತದೆ. ಏನೋ ಒಂದು ತುಂಬಿದರೆ ಆಧಾರ್‌ನ ಹೆಸರಿಗೆ ತಾಳೆಯಾಗುವುದಿಲ್ಲ. ಒಟಿಪಿ ಮಗನ ಫೋನಿಗೆ ಹೋಗುವ ಮನೆಗಳೆಷ್ಟೋ. ಮಧ್ಯಾಹ್ನದ ಬಿಸಿಲಲ್ಲಿ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಬಿಳಿಯ ಮೇಲಿನ ತಿಳಿಬೂದು ಅಕ್ಷರ ಕಾಣುವುದೇ ಇಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಇಂಥವರಿಗೂ ನೆರವಾಗುತ್ತದೆ. ಸಭಾಂಗಣದ ದೊಡ್ಡ ಪರದೆಯ ಮೇಲೆ ಇವುಗಳಲ್ಲಿ ಒಂದು ದೋಷವೂ ದೋಷವಾಗಿ ಕಾಣದು. ಅಲ್ಲಿ ತಿಳಿಬೂದು ಅಕ್ಷರ ಸೊಗಸಾಗಿ, ಆಧುನಿಕವಾಗಿ ಕಾಣುತ್ತದೆ, ಅದಕ್ಕೆ ಎರಡು ಅಂಕ ಹೆಚ್ಚೇ ಸಿಗುತ್ತದೆ.

ತೀರ್ಪುಗಾರರು ಅನುಭವಿಗಳು, ನೂರಾರು ಆ್ಯಪ್ ನೋಡಿದವರು, ಇಂಥ ದೋಷಗಳನ್ನು ಅವರು ಹಿಡಿಯಲಾರರೇ ಎಂದು ಕೇಳಬಹುದು. ಹಿಡಿಯುತ್ತಾರೆ. ಒಬ್ಬೊಬ್ಬರು ಒಂದೊಂದನ್ನು ಹಿಡಿಯುತ್ತಾರೆ ಎಂಬುದೇ ತೊಂದರೆ. ಡೆನ್ಮಾರ್ಕಿನ ಮಾರ್ಟನ್ ಹರ್ಟ್ಸಮ್ ಮತ್ತು ನೀಲ್ಸ್ ಜೇಕಬ್‌ಸೆನ್ 2001ರಲ್ಲಿ ಬಳಕೆಯ ದೋಷ ಹುಡುಕುವ ವಿಧಾನಗಳ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಂದೇ ವ್ಯವಸ್ಥೆಯನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದ ಇಬ್ಬರು ಪರಿಣತರು ಪಟ್ಟಿಮಾಡಿದ ದೋಷಗಳ ನಡುವಿನ ಹೊಂದಾಣಿಕೆ ಅಧ್ಯಯನದಿಂದ ಅಧ್ಯಯನಕ್ಕೆ ಸರಾಸರಿ ಶೇ 5ರಿಂದ ಶೇ 65ರವರೆಗೆ ಓಲಾಡಿತ್ತು. ಎಂದರೆ ನಿಮ್ಮ ತಂಡದ ಮುಂದೆ ಕೂತವರು ಈ ಮೂವರಾಗಿದ್ದರೆ ಗೆಲುವು, ಆ ಮೂವರಾಗಿದ್ದರೆ ಸೋಲು. ಇದರಲ್ಲಿ ಪಕ್ಷಪಾತವೇನೂ ಇಲ್ಲ, ಪರಿಣತರ ಕಣ್ಣೂ ಅಷ್ಟೇ ಎಂಬುದಷ್ಟೇ ಇದರ ಅರ್ಥ. ಇದರ ಮೇಲೆ ಸರದಿಯ ಪ್ರಭಾವ ಬೇರೆ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಅಂತಿಮ ಸುತ್ತಿನ ಕಲಾವಿದರು ಯಾವ ದಿನ ನುಡಿಸಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಹಾಗಿದ್ದೂ ಮೊದಲ ದಿನ ನುಡಿಸಿದವರು ಮೇಲಿನ ಸ್ಥಾನ ಪಡೆಯುವ ಸಂಭವ ಕಡಿಮೆ ಎಂದು ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಎಂಬ ಸಂಶೋಧಕರು 1996ರಲ್ಲಿ ಅಂಕಿಅಂಶ ಸಮೇತ ತೋರಿಸಿದರು. ಬದುಕೆಲ್ಲ ಸಂಗೀತಕ್ಕೇ ಮುಡಿಪಾಗಿಟ್ಟ ತೀರ್ಪುಗಾರರ ಪಾಡೇ ಹೀಗಾದರೆ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ನಲವತ್ತು ತಂಡಗಳ ಮಾತು ಕೇಳಿ ದಣಿದವರು ಊಟಕ್ಕೆ ಮುಂಚೆ ಕೊಟ್ಟ ಏಳೂವರೆಗೂ ಊಟದ ನಂತರ ಕೊಟ್ಟ ಎಂಟಕ್ಕೂ ಏನು ಅರ್ಥ ಹಚ್ಚುವುದು? ಆ ಅರ್ಧ ಅಂಕದ ಮೇಲೆಯೇ ಬಹುಮಾನ ನಿಲ್ಲುತ್ತದೆ, ಕೆಲವೊಮ್ಮೆ ಕೆಲಸವೂ.

ಸೋಜಿಗವೆಂದರೆ, ನ್ಯಾಯವಾಗಿ ಅಂಕ ಕೊಡುವುದು ಹೇಗೆಂದು ನಮ್ಮ ರಾಜ್ಯಕ್ಕೆ ಬೇರೆಯವರು ಕಲಿಸಬೇಕಾಗಿಲ್ಲ. ಈ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಸಿಇಟಿ ಬರೆದು ಸೀಟು ಪಡೆದವರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರ ಪ್ರಕಟಿಸುತ್ತದೆ, ಆಕ್ಷೇಪಣೆ ಕರೆಯುತ್ತದೆ, ಆಮೇಲೆ ಅಂತಿಮ ಉತ್ತರ ಹೊರಡಿಸುತ್ತದೆ. ದ್ವಿತೀಯ ಪಿಯುಸಿಯಲ್ಲಿ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನ ಕೇಳಬಹುದು. ಹದಿನೇಳು ವರ್ಷದ ಹುಡುಗಿಗೆ ಒಂದೊಂದು ಅಂಕದ ಲೆಕ್ಕ ಕೇಳುವ ಹಕ್ಕು ಕೊಟ್ಟ ವ್ಯವಸ್ಥೆ, ಅದೇ ಹುಡುಗಿ ಇಪ್ಪತ್ತನೇ ವಯಸ್ಸಿಗೆ ಎರಡು ರಾತ್ರಿ ನಿದ್ದೆಗೆಟ್ಟು ಆ್ಯಪ್ ಕಟ್ಟಿ ಸೋತಾಗ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಒಂದು ಸಾಲು ತೋರಿಸಿ ಕಳಿಸಿಬಿಡುತ್ತದೆ. ತಾನು ಎಲ್ಲಿ ಸೋತೆ ಎಂಬುದೂ ಅವಳಿಗೆ ತಿಳಿಯುವುದಿಲ್ಲ. ತಾಂತ್ರಿಕ ಸ್ಪರ್ಧೆಗಳೆಲ್ಲ ಹೀಗೇ ಇರಬೇಕೆಂದೂ ಇಲ್ಲ. 2024ರಲ್ಲಿ ಬೆಂಗಳೂರು ಸಂಚಾರ ಪೊಲೀಸರು ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ‘ಬೆಂಗಳೂರು ಮೊಬಿಲಿಟಿ ಚಾಲೆಂಜ್’ ನಡೆಸಿದರು. ನಗರದ ಉತ್ತರ ಭಾಗದ ಕ್ಯಾಮೆರಾಗಳ ದೃಶ್ಯ ಕೊಟ್ಟು, ಮುಂದಿನ ಸ್ವಲ್ಪ ಹೊತ್ತಿನಲ್ಲಿ ಯಾವ ತಿರುವಿನಲ್ಲಿ ಎಷ್ಟು ವಾಹನ ಹೋಗುತ್ತವೆ ಎಂದು ಅಂದಾಜಿಸುವ ಸವಾಲು ಅದು. ಅಂಥ ಸ್ಪರ್ಧೆಯಲ್ಲಿ ಅಂದಾಜನ್ನು ನಿಜವಾದ ಎಣಿಕೆಯ ಪಕ್ಕಕ್ಕಿಟ್ಟು ನೋಡಬಹುದು. ತಂಡದವರ ಇಂಗ್ಲಿಷ್ ಹೇಗಿತ್ತು, ಕೋಟು ಹಾಕಿದ್ದರೇ, ಯಾವ ಕಾಲೇಜು ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಬಳಕೆಯ ಸುಲಭತೆಯನ್ನೂ ಅಷ್ಟೇ ನಿಷ್ಠುರವಾಗಿ ಎಣಿಸಬಹುದು ಎಂಬುದೇ ನನ್ನ ವಾದ.

ಎಣಿಸುವುದೆಂದರೆ ಹೀಗೆ. ಸ್ಪರ್ಧೆ ಘೋಷಿಸುವಾಗಲೇ ಆಯೋಜಕರು ಎರಡು ಮೂರು ಕೆಲಸಗಳನ್ನು ಗೊತ್ತುಮಾಡಬೇಕು. ಬಸ್ಸಿನ ಆ್ಯಪ್ ಆದರೆ ‘ಯಲಹಂಕ ಹಳೆ ಊರಿನಿಂದ ಯಶವಂತಪುರ ರೈಲು ನಿಲ್ದಾಣಕ್ಕೆ ಮುಂದಿನ ಬಸ್ ಯಾವುದು ಎಂದು ಕಂಡುಹಿಡಿಯಿರಿ’. ದೂರು ಕೊಡುವ ಆ್ಯಪ್ ಆದರೆ ‘ನಿಮ್ಮ ಬೀದಿಯ ದೀಪ ಕೆಟ್ಟಿದೆ ಎಂದು ಫೋಟೊ ಸಮೇತ ದಾಖಲಿಸಿ’. ಅಂತಿಮ ಸುತ್ತಿಗೆ ಬಂದ ಆ್ಯಪ್‌ಗಳನ್ನು ಸಾಧಾರಣ ಬೆಲೆಯ, ಒಂದೇ ಮಾದರಿಯ ಫೋನ್‌ಗಳಿಗೆ ಹಾಕಿ, ಅದೇ ವರ್ಗದ ಬಳಕೆದಾರರ ಕೈಗೆ ಕೊಡಬೇಕು. ಆ್ಯಪ್ ಕಟ್ಟಿದವರು ಪಕ್ಕದಲ್ಲಿ ಕೂತು ನೋಡಲಿ, ಬಾಯಿ ಮಾತ್ರ ಬಿಡಬಾರದು. ಕೆಲಸ ಮುಗಿಯಿತೇ ಇಲ್ಲವೇ, ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ತಪ್ಪು ಬಟನ್ ಒತ್ತಿದರು, ಎಲ್ಲಿ ‘ಇದೇನು?’ ಎಂದು ಕೇಳಿದರು, ಇಷ್ಟನ್ನು ಬರೆದುಕೊಂಡರೆ ಸಾಕು. ಕೊನೆಗೆ ಅವರ ಅನಿಸಿಕೆ ಕೇಳಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪ್ರಶ್ನಾವಳಿ ಇದೆ, ಜಗತ್ತಿನಾದ್ಯಂತ ಇಂದಿಗೂ ಬಳಕೆಯಲ್ಲಿದೆ; ಕನ್ನಡದಲ್ಲಿ ಓದಿ ಹೇಳಿದರೆ ಐದು ನಿಮಿಷದ ಕೆಲಸ. ತೀರ್ಪುಗಾರರು ಇದನ್ನೆಲ್ಲ ಕೂತು ನೋಡಲಿ. ಹೊಸತನಕ್ಕೆ, ಭದ್ರತೆಗೆ, ಕೋಡ್‌ನ ಗುಣಕ್ಕೆ ಅವರೇ ಅಂಕ ಕೊಡಲಿ. ಸುಲಭತೆಯ ಅಂಕ ಮಾತ್ರ ಈ ಎಣಿಕೆಯಿಂದ ಬರಲಿ. ಬಳಕೆದಾರರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾಲೇಜಿನ ಕ್ಯಾಂಟೀನ್ ಸಿಬ್ಬಂದಿ, ಬಸ್ ಚಾಲಕರು, ಸೆಕ್ಯುರಿಟಿಯವರು, ಹತ್ತಿರದ ಸ್ವಸಹಾಯ ಸಂಘದವರು, ಉಪನಗರದ ಉದ್ಯಾನಗಳಲ್ಲಿ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರು ಇದ್ದಾರೆ. ಇವರ ಸಮಯಕ್ಕೂ ಬೆಲೆ ಕೊಡಬೇಕು, ಅರ್ಧ ದಿನದ ಕೂಲಿಯನ್ನಾದರೂ ಲೆಕ್ಕ ಹಾಕಿ ಕೈಗೆ ಕೊಡಬೇಕು. ತೀರ್ಪುಗಾರರಿಗೆ ಶಾಲು, ಹಣ್ಣಿನ ಬುಟ್ಟಿ ಕೊಡುವ ಆಯೋಜಕರಿಗೆ ಇದು ಹೊರೆಯಾಗಲಾರದು.

ಸಮಯ ಎಲ್ಲಿದೆ ಎಂಬುದು ಮೊದಲು ಬರುವ ಆಕ್ಷೇಪ. ಹತ್ತು ಆ್ಯಪ್, ಪ್ರತಿಯೊಂದಕ್ಕೂ ಹತ್ತು ಬಳಕೆದಾರರು, ತಲಾ ಹತ್ತು ನಿಮಿಷ ಎಂದರೆ ಸಾವಿರ ನಿಮಿಷ. ನಾಲ್ಕು ಮೇಜು ಹಾಕಿದರೆ ನಾಲ್ಕೂಕಾಲು ಗಂಟೆಯೊಳಗೆ ಮುಗಿಯುತ್ತದೆ. 36 ಗಂಟೆಯ ಹ್ಯಾಕಥಾನ್‌ನಲ್ಲಿ ಉದ್ಘಾಟನೆ, ಸಮಾರೋಪ, ಅತಿಥಿಗಳ ಭಾಷಣಕ್ಕೆ ಹೋಗುವ ಹೊತ್ತನ್ನು ಸ್ವಲ್ಪ ಕಡಿಮೆ ಮಾಡಿದರೂ ಇದಕ್ಕೆ ಜಾಗ ಸಿಗುತ್ತದೆ. ಹತ್ತೇ ಜನ ಸಾಕೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಐವರು ಬಳಕೆದಾರರು ಸುಮಾರು ಶೇ 85ರಷ್ಟು ದೋಷಗಳನ್ನು ಬಯಲಿಗೆ ತರುತ್ತಾರೆ ಎಂಬ ಯಾಕೋಬ್ ನೀಲ್ಸನ್ ಅವರ ಮಾತು ಈ ಕ್ಷೇತ್ರದಲ್ಲಿ ಬಹಳ ಪ್ರಸಿದ್ಧ. ಲಾರಾ ಫಾಕ್ನರ್ 2003ರಲ್ಲಿ 60 ಬಳಕೆದಾರರ ಮಾಹಿತಿ ಇಟ್ಟುಕೊಂಡು ಅದನ್ನು ಒರೆಗೆ ಹಚ್ಚಿದರು. ಐವರ ಗುಂಪುಗಳ ಸರಾಸರಿ ನೀಲ್ಸನ್ ಹೇಳಿದ ಹಾಗೆಯೇ ಬಂತು. ಆದರೆ ಕೆಲವು ಗುಂಪುಗಳು ಶೇ 99ರಷ್ಟು ದೋಷ ಹಿಡಿದರೆ ಕೆಲವು ಶೇ 55ಕ್ಕೇ ನಿಂತವು. ಗುಂಪಿನಲ್ಲಿ ಹತ್ತು ಜನ ಇದ್ದಾಗ ಅತಿ ಕಡಿಮೆ ಎಂದರೂ ಶೇ 80 ದಾಟಿತು. ನಾನು ಹತ್ತು ಎಂದದ್ದು ಈ ಕಾರಣಕ್ಕೆ. ಹತ್ತು ಜನರ ಪರೀಕ್ಷೆಯೂ ಒಂದನೇ ಮತ್ತು ಎರಡನೇ ಸ್ಥಾನದ ನಡುವಿನ ಕೂದಲೆಳೆಯ ಅಂತರವನ್ನು ಅಳೆಯಲಾರದು, ಅದನ್ನು ಮುಚ್ಚಿಡಬೇಕಾಗಿಲ್ಲ. ಒಂದರಲ್ಲಿ ಹತ್ತಕ್ಕೆ ಒಂಬತ್ತು ಜನ ಕೆಲಸ ಮುಗಿಸಿ ಇನ್ನೊಂದರಲ್ಲಿ ಮೂವರಷ್ಟೇ ಮುಗಿಸಿದರೆ ವ್ಯತ್ಯಾಸ ಸ್ಪಷ್ಟ. ಒಂಬತ್ತು ಮತ್ತು ಎಂಟರ ನಡುವೆ ಅಂಥದ್ದೇನೂ ಇಲ್ಲ. ಅಂಥಲ್ಲಿ ದಶಮಾಂಶ ಎಣಿಸಿ ಒಬ್ಬರನ್ನು ಮೇಲೆ ಕೂರಿಸುವ ಬದಲು ಬಹುಮಾನ ಹಂಚಿಬಿಡುವುದು ಒಳ್ಳೆಯದು.

ಜನಸಾಮಾನ್ಯರ ಕೈಗೆ ಕೊಟ್ಟರೆ ಅವರು ರೂಢಿಯಲ್ಲಿ ಇರುವುದನ್ನೇ ಮೆಚ್ಚುತ್ತಾರೆ, ನಿಜವಾಗಿ ಹೊಸದಾದದ್ದು ಸೋತುಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಇದರಲ್ಲಿ ಸತ್ಯದ ಅಂಶ ಇದೆ. ಯುಪಿಐ ಕ್ಯೂಆರ್ ಕೋಡ್ ಮೊದಲ ಸಲ ಕಂಡಾಗ ಎಲ್ಲರಿಗೂ ಹೊಸದೇ ಆಗಿತ್ತು. ಇಂದು ಸೊಪ್ಪಿನ ಗಾಡಿಯ ಮೇಲೂ ಅದು ನೇತಾಡುತ್ತಿದೆ. ಆದ್ದರಿಂದಲೇ ಪರೀಕ್ಷೆಯಲ್ಲಿ ಒಂದೇ ಕೆಲಸವನ್ನು ಎರಡು ಸಲ ಮಾಡಿಸಬೇಕು. ಮೊದಲ ಸಲ ತಡವರಿಸಿ ಎರಡನೇ ಸಲ ಸಲೀಸಾಗಿ ಮಾಡಿದರೆ ಅದು ಹೊಸತನ ಕೇಳುವ ಬೆಲೆ. ಎರಡನೇ ಸಲವೂ ಅಲ್ಲೇ ತಡವರಿಸಿದರೆ ದೋಷ ಆ್ಯಪ್‌ನದು. ಇನ್ನು ಕೆಲವರು ಇದೇ ತರ್ಕವನ್ನು ಮುಂದುವರಿಸಿ, ಜನರೇ ತೀರ್ಮಾನಿಸಬೇಕಾದರೆ ವೋಟಿಗೆ ಬಿಡೋಣ, ಡೌನ್‌ಲೋಡ್ ಎಣಿಸೋಣ ಎನ್ನುತ್ತಾರೆ. ಅದು ನ್ಯಾಯದಿಂದ ಇನ್ನೂ ದೂರ ಹೋದಂತೆ. ವೋಟು ಬರುವುದು ಗೆಳೆಯರ ಬಳಗದಿಂದ, ವಾಟ್ಸ್‌ಆ್ಯಪ್ ಗುಂಪುಗಳಿಂದ. ದೊಡ್ಡ ಕಾಲೇಜಿನವರಿಗೆ ಹೆಚ್ಚು, ಚಿಕ್ಕ ಊರಿನಿಂದ ಬಂದವರಿಗೆ ಕಡಿಮೆ. 2020ರ ಸ್ಪರ್ಧೆಗೆ ಬಂದ ಆ್ಯಪ್‌ಗಳಲ್ಲಿ 89 ಆಗಲೇ ಹತ್ತು ಲಕ್ಷಕ್ಕಿಂತ ಹೆಚ್ಚು ಡೌನ್‌ಲೋಡ್ ಕಂಡಿದ್ದವು. ಜನಪ್ರಿಯತೆಯೇ ಅಳತೆಯಾದರೆ ಮನೆಯಲ್ಲಿ ಕೂತು ಒಂಟಿಯಾಗಿ ಆ್ಯಪ್ ಕಟ್ಟಿದವರು ಅರ್ಜಿ ಹಾಕುವುದಕ್ಕೂ ಅರ್ಥವಿಲ್ಲ. ಮಾರುಕಟ್ಟೆಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಯಾವ ತೀರ್ಪುಗಾರನೂ ಮುಂಚೆ ಹೇಳಲಾರ. ಲಕ್ಷಾಂತರ ಕನ್ನಡಿಗರನ್ನು ತಲುಪಿದ ‘ಕೂ’ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಬೇರೆ ಕಂಪನಿಗಳ ಜೊತೆಗಿನ ಮಾತುಕತೆ ಫಲಿಸಲಿಲ್ಲ, ನಡೆಸುವ ಖರ್ಚು ದೊಡ್ಡದು ಎಂದು ಅದನ್ನು ಕಟ್ಟಿದವರೇ ಹೇಳಿದರು. ಅದಕ್ಕೆ ಬಹುಮಾನ ಕೊಟ್ಟದ್ದು ತಪ್ಪು ಎಂದು ಇದರಿಂದ ಸಾಬೀತಾಗುವುದಿಲ್ಲ. ನಾಳೆ ಏನಾದೀತು ಎಂಬ ಅಂದಾಜಿಗೆ ಕಡಿಮೆ ಅಂಕ, ಇವತ್ತು ಅಳೆಯಲು ಆಗುವುದಕ್ಕೆ ಹೆಚ್ಚು ಅಂಕ ಇಡುವುದೇ ವಿವೇಕ ಎಂಬುದಂತೂ ಸ್ಪಷ್ಟವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅಂಕದ ಮಾತೇ ಬೇಡ. ಕಣ್ಣು ಕಾಣದವರು ಫೋನ್ ಓದಿ ಹೇಳುವ ಟಾಕ್‌ಬ್ಯಾಕ್ ಇಟ್ಟುಕೊಂಡು ಬಳಸಲಾಗದ ಆ್ಯಪ್ ಅಂತಿಮ ಸುತ್ತಿಗೆ ಬರಲೇಬಾರದು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಸುಗಮ ಬಳಕೆಯ ನಿಯಮಗಳು ಬರೀ ಶಿಫಾರಸುಗಳಾಗಿ ಉಳಿಯಬಾರದು, ಕನಿಷ್ಠ ಮಟ್ಟವೊಂದು ಕಡ್ಡಾಯವಾಗಬೇಕು ಎಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದಿತು. ಮೂರು ವರ್ಷ ಕಳೆದು ಸರ್ಕಾರಿ ಸೇವೆಗಳ ಆ್ಯಪ್ ಬರೆಯಲಿರುವ ವಿದ್ಯಾರ್ಥಿಗಳು ಇಂದು ಇದೇ ಸಭಾಂಗಣಗಳಲ್ಲಿ ಕೂತಿದ್ದಾರೆ. ಬಟನ್‌ಗೆ ಹೆಸರು ಕೊಡದೆ ಬಿಟ್ಟರೆ ಟಾಕ್‌ಬ್ಯಾಕ್ ‘ಹೆಸರಿಲ್ಲದ ಬಟನ್’ ಎಂದಷ್ಟೇ ಉಸುರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾದದ್ದು ಈಗಲೇ.

ಇನ್ನು ಉಳಿದದ್ದು ತೀರ್ಪುಗಾರರ ನಡವಳಿಕೆ. ಎರಡು ರಾತ್ರಿ ಒಂದು ತಂಡಕ್ಕೆ ಸಲಹೆ ಕೊಟ್ಟ ಮೆಂಟರ್ ಬೆಳಿಗ್ಗೆ ಅದೇ ತಂಡಕ್ಕೆ ಅಂಕ ಕೊಡುವುದು, ಪ್ರಾಯೋಜಕ ಕಂಪನಿಯವರು ತಮ್ಮದೇ ಸಾಫ್ಟ್‌ವೇರ್ ಬಳಸಿದ ತಂಡವನ್ನು ತೂಗುವುದು, ಹಣ ಹೂಡುವ ಆಲೋಚನೆಯಲ್ಲಿ ಇರುವವರೇ ತೀರ್ಪು ಹೇಳುವುದು ಇಂಥ ಸ್ಪರ್ಧೆಗಳಲ್ಲಿ ಸುಲಭವಾಗಿ ಆಗಿಬಿಡುವ ಸಂಗತಿಗಳು. ಯಾರೂ ಕೆಡುಕು ಬಯಸಿ ಮಾಡುವುದಿಲ್ಲ. ಜನ ಕಡಿಮೆ, ಪರಿಚಯ ಹೆಚ್ಚು, ಹೀಗಾಗಿ ಪಾತ್ರಗಳು ಕಲಸಿಹೋಗುತ್ತವೆ. ಸಂಬಂಧವಿದ್ದವರು ಆ ತಂಡದ ಮಟ್ಟಿಗೆ ಎದ್ದು ಹೋಗಬೇಕೆಂಬ ನಿಯಮ ಸಾಕು. ತಂಡಗಳು ಬರುವ ಸರದಿ ಒಬ್ಬೊಬ್ಬ ತೀರ್ಪುಗಾರನಿಗೂ ಬೇರೆ ಬೇರೆಯಾಗಿರಲಿ. ಅಂಕ ಬಹಿರಂಗಪಡಿಸಿದರೆ ಸೋತವರಿಗೆ ಮುಜುಗರ ಎನ್ನುವವರಿದ್ದಾರೆ. ಹಾಗಿದ್ದರೆ ಎಲ್ಲರ ಅಂಕವನ್ನೂ ಗೋಡೆಗೆ ಅಂಟಿಸುವುದು ಬೇಡ, ಅವರವರ ಅಂಕಪಟ್ಟಿ ಅವರವರ ಕೈಗೆ ಸಿಗಲಿ, ಗೆದ್ದ ತಂಡದ್ದು ಎಲ್ಲರಿಗೂ ಕಾಣಲಿ. ಕೆಲಸ ಎಲ್ಲಿ ನಿಂತಿತು ಎಂದು ಬಳಕೆದಾರರ ಪರೀಕ್ಷೆಯಲ್ಲಿ ಬರೆದ ಟಿಪ್ಪಣಿ ಸೋತ ತಂಡಕ್ಕೆ ಸಿಕ್ಕರೆ ಅದು ಬಹುಮಾನದ ಹಣಕ್ಕಿಂತ ಹೆಚ್ಚು ದಿನ ಉಪಯೋಗಕ್ಕೆ ಬರುತ್ತದೆ. ಇದನ್ನು ಆರಂಭಿಸಲು ಉತ್ತರ ಬೆಂಗಳೂರಿಗಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಬಳ್ಳಾರಿ ರಸ್ತೆಯಲ್ಲೇ ಇರುವ ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯ ನಡೆಸುವ ಕೃಷಿ ಮೇಳಕ್ಕೆ ದಕ್ಷಿಣ ಕರ್ನಾಟಕದ ಜಿಲ್ಲೆಗಳಿಂದ ಲಕ್ಷಾಂತರ ರೈತರು ಬರುತ್ತಾರೆ. ಬೆಳೆ, ಬೆಲೆ, ಮಳೆ, ಸಾಲ ಎಂದು ರೈತರ ಹೆಸರಿನಲ್ಲಿ ವರ್ಷವೂ ಆ್ಯಪ್ ಕಟ್ಟುವ ತಂಡಗಳು ಕೆಲವೇ ಕಿಲೊಮೀಟರ್ ದೂರದ ಕಾಲೇಜುಗಳಲ್ಲಿವೆ. ಕಾಲೇಜುಗಳು ವಿಶ್ವವಿದ್ಯಾಲಯದ ಜೊತೆ ಮಾತಾಡಿ ಮೇಳದಲ್ಲಿ ಒಂದು ಮಳಿಗೆ ಹಿಡಿದು, ನಾಲ್ಕು ಮೇಜು ಹಾಕಿ, ಕೃಷಿ ಆ್ಯಪ್‌ಗಳ ಅಂತಿಮ ಸುತ್ತನ್ನು ಅಲ್ಲೇ ನಡೆಸಲಿ. ಅಂಕದ ಹಾಳೆ ಕನ್ನಡದಲ್ಲಿರಲಿ, ಅದರ ಒಂದು ಪ್ರತಿ ಪರೀಕ್ಷಿಸಿದ ರೈತರಿಗೂ ಸಿಗಲಿ.